ಹದಿನಾಲ್ಕನೇ ವಾರ್ಡು, ಹದಿನಾಲ್ಕು ಚುನಾವಣೆ

ಮನುಷ್ಯ ಚಂದ್ರನ ಮೇಲೆ ಕಾಲಿಡಲು ಇನ್ನೂ ನಾಲ್ಕು ತಿಂಗಳಿರುವಾಗ, 1969ರ ಮಾರ್ಚ್‌ನಲ್ಲಿ, ಇಪ್ಪತ್ತೈದು ವರ್ಷದ ಯುವಕನೊಬ್ಬ ಅಮೆರಿಕದ ಷಿಕಾಗೊ ನಗರ ಪಾಲಿಕೆಯ ಸದಸ್ಯನಾಗಿ ಪ್ರಮಾಣವಚನ ಸ್ವೀಕರಿಸಿದ. ಹೆಸರು ಎಡ್ವರ್ಡ್ ಬರ್ಕ್. ಊರಿನವರ ಬಾಯಲ್ಲಿ ಎಡ್ ಬರ್ಕ್. ಅದೇ ವಾರ್ಡಿನ ಸದಸ್ಯರಾಗಿ ಅವರು ಕೊನೆಯ ಬಾರಿ ಸಭಾಂಗಣದಿಂದ ಹೊರಬಿದ್ದಾಗ 2023ರ ಮೇ ತಿಂಗಳು. ನಡುವೆ ಕಳೆದದ್ದು 54 ವರ್ಷ. ವಾರವೊಂದರ ಮಟ್ಟಿಗಿದ್ದ ಹಂಗಾಮಿಯನ್ನು ಬಿಟ್ಟರೆ ಎಂಟು ಮೇಯರ್‌ಗಳು ಆ ಅವಧಿಯಲ್ಲಿ ಬಂದುಹೋದರು. ಷಿಕಾಗೊ ಪಾಲಿಕೆಯ ಇತಿಹಾಸದಲ್ಲಿ ಇಷ್ಟು ದೀರ್ಘ ಕಾಲ ಕುಳಿತವರು ಬೇರೊಬ್ಬರಿಲ್ಲ.

ಬರ್ಕ್ ಪ್ರತಿನಿಧಿಸಿದ್ದು 14ನೇ ವಾರ್ಡು. ಅಲ್ಲಿಂದ ಅವರು ಗೆದ್ದ ಪಾಲಿಕೆ ಚುನಾವಣೆಗಳೂ ಹದಿನಾಲ್ಕು: 1969ರ ಒಂದು ಉಪಚುನಾವಣೆ, ಆಮೇಲೆ 1971ರಿಂದ 2019ರವರೆಗೆ ನಾಲ್ಕು ವರ್ಷಕ್ಕೊಮ್ಮೆ ಹದಿಮೂರು ಸಾರ್ವತ್ರಿಕ ಚುನಾವಣೆಗಳು. ಪಾಲಿಕೆ ಚುನಾವಣೆಯಲ್ಲಿ ಅವರು ಒಮ್ಮೆಯೂ ಸೋಲಲಿಲ್ಲ. ಇಷ್ಟು ಕೇಳಿದರೆ ಯಾರಿಗಾದರೂ ‘ಎಂಥ ಜನಪ್ರಿಯ ನಾಯಕ’ ಅನ್ನಿಸೀತು. ಆದರೆ ಒಂದೊಂದು ಚುನಾವಣೆಯನ್ನೂ ಬಿಡಿಸಿ ನೋಡಿದರೆ ಕಥೆ ಬೇರೆಯಾಗುತ್ತದೆ. ಹದಿನಾಲ್ಕರಲ್ಲಿ ಸ್ಪರ್ಧೆ ಎನ್ನಬಹುದಾದವು ಬೆರಳೆಣಿಕೆಯಷ್ಟು. ಮಿಕ್ಕವುಗಳಲ್ಲಿ ಮತದಾರರ ಮುಂದೆ ಎರಡನೆಯ ಹೆಸರೇ ಇರಲಿಲ್ಲ.

ಅಪ್ಪನ ವಾರ್ಡು

ಷಿಕಾಗೊದಲ್ಲಿ ಐವತ್ತು ವಾರ್ಡುಗಳಿವೆ. ಈಗಿನ ಲೆಕ್ಕದಲ್ಲಿ ವಾರ್ಡಿಗೆ ಸುಮಾರು 55 ಸಾವಿರ ಜನ. ಮೇಯರ್‌ನನ್ನು ಇಡೀ ನಗರದ ಮತದಾರರು ನೇರವಾಗಿ ಆರಿಸುತ್ತಾರೆ; ವಾರ್ಡಿನ ಸದಸ್ಯನನ್ನು, ಅಂದರೆ ಅಲ್ಲಿನವರು ‘ಆಲ್ಡರ್‌ಮನ್’ ಎಂದು ಕರೆಯುವ ಕಾರ್ಪೊರೇಟರನ್ನು, ಆಯಾ ವಾರ್ಡಿನವರು. ಮತದಾನ ಫೆಬ್ರುವರಿಯ ಕೊರೆಯುವ ಚಳಿಯಲ್ಲಿ ನಡೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದಿದ್ದರೆ ಮೊದಲಿಬ್ಬರ ನಡುವೆ ಏಪ್ರಿಲ್‌ನಲ್ಲಿ ಮತ್ತೊಂದು ಸುತ್ತು. ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಆದರೂ ದಶಕಗಳಿಂದ ಆ ಊರು ಡೆಮಾಕ್ರಟಿಕ್ ಪಕ್ಷದ್ದು ಎನ್ನುವುದು ಎಲ್ಲರಿಗೂ ಗೊತ್ತು.

ನಗರದ ನೈಋತ್ಯ ಭಾಗದ 14ನೇ ವಾರ್ಡು ಆಗ ಕಸಾಯಿಖಾನೆಗಳ ಕಾರ್ಮಿಕರ ವಸತಿಯ ಸೀಮೆ. ಅಮೆರಿಕದ ಮಾಂಸೋದ್ಯಮದ ಕೇಂದ್ರವಾಗಿದ್ದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಪಕ್ಕದಲ್ಲೇ ಇತ್ತು. ಅದು ಮುಚ್ಚಿದ್ದು 1971ರಲ್ಲಿ. ಐರಿಷ್, ಪೋಲಿಷ್, ಲಿಥುವೇನಿಯನ್ ಮೂಲದ ಕುಟುಂಬಗಳು ಅಲ್ಲಿ ಚರ್ಚಿನ ಸುತ್ತ ಗುಂಪುಗುಂಪಾಗಿ ನೆಲೆಸಿದ್ದವು. ಬರ್ಕ್ ಅವರ ತಂದೆ ಜೋಸೆಫ್ ಬರ್ಕ್ 1953ರಿಂದ ಈ ವಾರ್ಡಿನ ಸದಸ್ಯರು. 1968ರಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಮಗ ಪೊಲೀಸ್ ಕೆಲಸ ಮಾಡಿಕೊಂಡೇ ಕಾನೂನು ಓದಿ ಮುಗಿಸುವ ಹಂತದಲ್ಲಿದ್ದ.

ಮಗನಿಗೆ ಮೊದಲು ದಕ್ಕಿದ್ದು ಪಾಲಿಕೆಯ ಕುರ್ಚಿಯಲ್ಲ, ಪಕ್ಷದ ಹುದ್ದೆ. ವಾರ್ಡಿನ ಪಕ್ಷ ಘಟಕದ ಮುಖ್ಯಸ್ಥನಿಗೆ ಅಲ್ಲಿ ‘ಕಮಿಟಿಮನ್’ ಎನ್ನುತ್ತಾರೆ. ಸರ್ಕಾರದ ಸಂಬಳವಿಲ್ಲದ ಈ ಹುದ್ದೆ ಆ ಕಾಲದಲ್ಲಿ ಸದಸ್ಯತ್ವಕ್ಕಿಂತ ತೂಕದ್ದಾಗಿತ್ತು. ಯಾರಿಗೆ ಟಿಕೆಟ್, ಯಾರಿಗೆ ಸರ್ಕಾರಿ ಕೆಲಸ, ಯಾವ ಮತಗಟ್ಟೆಗೆ ಯಾರು ಹೊಣೆ, ಎಲ್ಲವೂ ಅಲ್ಲಿಂದಲೇ ತೀರ್ಮಾನ. ತಂದೆ ತೀರಿದ ವರ್ಷವೇ, ಇನ್ನೂ ಇಪ್ಪತ್ನಾಲ್ಕರ ಹರೆಯದಲ್ಲಿ, ಎಡ್ ಬರ್ಕ್ ಆ ಹುದ್ದೆ ಹಿಡಿದರು. ಮರುವರ್ಷದ ಉಪಚುನಾವಣೆಯ ಗೆಲುವು ಅದರ ಹಿಂದೆಯೇ ಬಂತು.

ಯಂತ್ರದ ಒಳಗೆ

ಆಗ ಮೇಯರ್ ಆಗಿದ್ದವರು ರಿಚರ್ಡ್ ಜೆ. ಡೇಲಿ. 1955ರಿಂದ 1976ರಲ್ಲಿ ಸಾಯುವ ತನಕ ಊರನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಈತ ನಡೆಸಿದ ಪಕ್ಷ ವ್ಯವಸ್ಥೆಗೆ ‘ಮೆಷಿನ್’ ಎಂದೇ ಹೆಸರು. ಅದರ ಕೆಲಸ ತೀರ ಸರಳ. ಪ್ರತಿ ಮತಗಟ್ಟೆಗೆ ಒಬ್ಬ ‘ಪ್ರಿಸಿಂಕ್ಟ್ ಕ್ಯಾಪ್ಟನ್’. ಬೀದಿದೀಪ ಕೆಟ್ಟರೆ, ಕಸದ ಡಬ್ಬಿ ಒಡೆದರೆ, ಮರದ ಕೊಂಬೆ ತಂತಿಗೆ ತಾಗಿದರೆ ಜನ ಹೋಗುವುದು ಅವನ ಬಳಿಗೆ. ಅವನು ಕೆಲಸ ಮಾಡಿಸಿಕೊಡುತ್ತಾನೆ. ಚುನಾವಣೆಯ ದಿನ ಮನೆಮನೆಗೆ ಹೋಗಿ ಮತದಾರರನ್ನು ಹೊರಡಿಸುತ್ತಾನೆ. ಅವನ ಹೊಟ್ಟೆಪಾಡಿಗೆ ಪಾಲಿಕೆಯಲ್ಲೋ ಕೌಂಟಿ ಕಚೇರಿಯಲ್ಲೋ ಒಂದು ನೌಕರಿ. ಮತಗಟ್ಟೆ ಕೈಕೊಟ್ಟರೆ ನೌಕರಿಯೂ ಕೈಬಿಡುತ್ತದೆ.

ಈ ಪದ್ಧತಿಯ ವಿರುದ್ಧ ಮೈಕೆಲ್ ಶಾಕ್‌ಮನ್ ಎಂಬ ವಕೀಲ 1969ರಲ್ಲಿ, ಬರ್ಕ್ ಪಾಲಿಕೆ ಹೊಕ್ಕ ವರ್ಷವೇ, ನ್ಯಾಯಾಲಯಕ್ಕೆ ಹೋದರು. ರಾಜಕೀಯ ಕಾರಣಕ್ಕೆ ನೌಕರರನ್ನು ವಜಾ ಮಾಡುವಂತಿಲ್ಲ ಎಂಬ ಆದೇಶ 1972ರಲ್ಲಿ ಬಂತು. ರಾಜಕೀಯ ಕಾರಣಕ್ಕೆ ನೇಮಕವನ್ನೂ ಮಾಡುವಂತಿಲ್ಲ ಎನ್ನುವುದಕ್ಕೆ 1983 ಬರಬೇಕಾಯಿತು. ಈ ಆದೇಶಗಳಿಂದ ಎಷ್ಟೋ ವಾರ್ಡುಗಳ ಪಕ್ಷ ಘಟಕಗಳು ಸೊರಗಿದವು. ಬರ್ಕ್ ಅವರ ಘಟಕ ಸೊರಗಲಿಲ್ಲ. ಅವರಿಗೆ ಅಷ್ಟರಲ್ಲಿ ಬೇರೊಂದು ಆಧಾರ ಸಿಕ್ಕಿತ್ತು.

ಒಂದು ಸೋಲು, ಒಂದು ಕಾಳಗ

ವಾರ್ಡಿನ ಗಡಿ ದಾಟಿ ದೊಡ್ಡ ಹುದ್ದೆಗೆ ಬರ್ಕ್ ಒಮ್ಮೆ ಕೈಹಾಕಿದರು. 1980ರಲ್ಲಿ ಕುಕ್ ಕೌಂಟಿಯ ಮುಖ್ಯ ಪ್ರಾಸಿಕ್ಯೂಟರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ. ಪಕ್ಷದ ಅಧಿಕೃತ ಬೆಂಬಲ ಅವರಿಗಿತ್ತು. ಎದುರಾಳಿ ಹಳೆಯ ಮೇಯರ್‌ನ ಮಗ ರಿಚರ್ಡ್ ಎಂ. ಡೇಲಿ. ಬರ್ಕ್ ಸೋತರು. 1989ರ ಮೇಯರ್ ಚುನಾವಣೆಗೆ ನಿಲ್ಲುವುದಾಗಿ ಹೇಳಿ, ಹಿಂದೆ ಸರಿದು, ಅದೇ ಡೇಲಿಗೆ ಬೆಂಬಲ ಕೊಟ್ಟರು. ಎದುರಾಳಿ ಇದ್ದ ಕಡೆ ಅವರ ಬಲ ಎಷ್ಟು ಎಂಬುದಕ್ಕೆ 1980ರ ಫಲಿತಾಂಶ ಒಂದು ಸುಳಿವು. ಮತ್ತೆ ಅವರು ವಾರ್ಡು ಬಿಟ್ಟು ಕದಲಲಿಲ್ಲ.

ದೇಶಕ್ಕೆಲ್ಲ ಅವರ ಹೆಸರು ಗೊತ್ತಾದದ್ದು 1983ರಲ್ಲಿ. ಆ ವರ್ಷ ಹೆರಾಲ್ಡ್ ವಾಷಿಂಗ್ಟನ್ ಷಿಕಾಗೊದ ಮೊದಲ ಕಪ್ಪು ಮೇಯರ್ ಆಗಿ ಗೆದ್ದರು. ಪಾಲಿಕೆಯ ಐವತ್ತು ಸದಸ್ಯರಲ್ಲಿ 29 ಮಂದಿ ಅವರ ವಿರುದ್ಧ ಗಟ್ಟಿ ಬಣ ಕಟ್ಟಿಕೊಂಡರು. ಬಹುತೇಕ ಎಲ್ಲರೂ ಬಿಳಿಯರು. ಮೇಯರ್ ಜತೆ ಉಳಿದವರು 21. ವಿರೋಧಿ ಬಣದ ನಾಯಕರು ಇಬ್ಬರು ಎಡ್ವರ್ಡ್‌ಗಳು, ಎಡ್ವರ್ಡ್ ವರ್ಡೋಲ್ಯಾಕ್ ಮತ್ತು ಎಡ್ವರ್ಡ್ ಬರ್ಕ್. ಮೇಯರ್ ಮಾಡಿದ ನೇಮಕಗಳು ಕೊಳೆತವು, ಪ್ರಸ್ತಾವಗಳು ಬಿದ್ದವು. ಮೂರು ವರ್ಷ ನಡೆದ ಈ ಜಗಳಕ್ಕೆ ಪತ್ರಿಕೆಗಳು ‘ಕೌನ್ಸಿಲ್ ವಾರ್ಸ್’ ಎಂದು ಹೆಸರಿಟ್ಟವು. ಪಾಲಿಕೆಯ ಅತ್ಯಂತ ಪ್ರಬಲ ಸ್ಥಾಯಿ ಸಮಿತಿಯಾದ ಹಣಕಾಸು ಸಮಿತಿಯ ಅಧ್ಯಕ್ಷಗಿರಿ ಬರ್ಕ್ ಅವರಿಗೆ ಸಿಕ್ಕಿದ್ದು ಇದೇ ಜಗಳದಲ್ಲಿ.

ಗಂಟು ಬಿಚ್ಚಿದ್ದು ನ್ಯಾಯಾಲಯ. ವಾರ್ಡುಗಳ ಗಡಿಯನ್ನು ಕಪ್ಪು ಮತ್ತು ಲ್ಯಾಟಿನೊ ಮತದಾರರಿಗೆ ಅನ್ಯಾಯವಾಗುವಂತೆ ಎಳೆಯಲಾಗಿದೆ ಎಂಬ ದಾವೆಯ ಫಲವಾಗಿ 1986ರಲ್ಲಿ ಏಳು ವಾರ್ಡುಗಳಲ್ಲಿ ಮತ್ತೆ ಚುನಾವಣೆ ನಡೆಯಿತು. ಪಾಲಿಕೆ 25-25 ಆಯಿತು. ಸಮಬಲವಾದಾಗ ಮೇಯರ್‌ನ ಮತವೇ ನಿರ್ಣಾಯಕ. ಆ ಏಳು ವಾರ್ಡುಗಳಲ್ಲಿ ಒಂದಾದ 22ರಿಂದ ಗೆದ್ದು ಬಂದವರು ಮೆಕ್ಸಿಕೊದಲ್ಲಿ ಹುಟ್ಟಿದ ಹೆಸುಸ್ ಗಾರ್ಸಿಯಾ. ‘ಚುಯ್’ ಎಂಬುದು ಅವರ ಅಡ್ಡಹೆಸರು. ಬರ್ಕ್ ಅವರಿಗೆ ಈ ಹೆಸರು ಮೂರು ದಶಕದ ನಂತರ ಮತ್ತೆ ಎದುರಾಗಲಿತ್ತು.

ಎರಡನೆಯ ಹೆಸರಿಲ್ಲದ ಮತಪತ್ರ

ಹೆರಾಲ್ಡ್ ವಾಷಿಂಗ್ಟನ್ 1987ರ ನವೆಂಬರ್‌ನಲ್ಲಿ ಹಠಾತ್ತನೆ ತೀರಿಕೊಂಡರು. ಅದೇ ವರ್ಷ ಹಣಕಾಸು ಸಮಿತಿಯನ್ನು ಕಳೆದುಕೊಂಡಿದ್ದ ಬರ್ಕ್, 1989ರಲ್ಲಿ ಕಿರಿಯ ಡೇಲಿ ಮೇಯರ್ ಆದ ಮೇಲೆ ಅದನ್ನು ಮರಳಿ ಪಡೆದರು. ಆಮೇಲೆ ಅದು 2019ರ ಜನವರಿಯ ತನಕ ಅವರ ಕೈಯಲ್ಲೇ ಇತ್ತು. ಮೂವತ್ತು ವರ್ಷ ಒಂದೇ ಸಮಿತಿಗೆ ಒಬ್ಬರೇ ಅಧ್ಯಕ್ಷರು.

ಚುನಾವಣೆಯ ದೃಷ್ಟಿಯಿಂದ ಈ ಮೂವತ್ತು ವರ್ಷ ಬಹಳ ಕುತೂಹಲದ್ದು. 1970ರ ದಶಕದ ಆರಂಭದಿಂದ 2007ರ ತನಕ 14ನೇ ವಾರ್ಡಿನಲ್ಲಿ ಬರ್ಕ್ ಎದುರು ಯಾರೂ ಕಣದಲ್ಲಿ ಉಳಿಯಲಿಲ್ಲ. 2007ರಲ್ಲಿ ಒಬ್ಬರು ನಿಂತರು. ಭಾರಿ ಅಂತರದಿಂದ ಸೋತರು. 2011, 2015ರಲ್ಲಿ ಮತ್ತೆ ಅವಿರೋಧ. ಇಷ್ಟೊಂದು ಜನರಿರುವ ವಾರ್ಡಿನಲ್ಲಿ ನಿಲ್ಲಲು ಒಬ್ಬರೂ ಇಲ್ಲವೆ? ಇದಕ್ಕೆ ಉತ್ತರ ನಾಲ್ಕು ಕಡೆ ಇದೆ.

ಮೊದಲನೆಯದು ನಾಮಪತ್ರ. ಷಿಕಾಗೊದಲ್ಲಿ ಅಭ್ಯರ್ಥಿಯಾಗಲು ವಾರ್ಡಿನ ನಿಗದಿತ ಸಂಖ್ಯೆಯ ಮತದಾರರ ಸಹಿ ಬೇಕು. ಆ ಸಹಿಗಳನ್ನು ಎದುರಾಳಿ ಒಂದೊಂದಾಗಿ ಪ್ರಶ್ನಿಸಬಹುದು. ಸಹಿ ನೋಂದಣಿಗೆ ಹೊಂದುವುದಿಲ್ಲ, ವಿಳಾಸ ವಾರ್ಡಿನ ಹೊರಗಿದೆ, ಸಹಿ ಸಂಗ್ರಹಿಸಿದವನ ಪ್ರಮಾಣಪತ್ರ ಸರಿಯಿಲ್ಲ, ಹೀಗೆ. ಚುನಾವಣಾ ಕಾನೂನು ಅರಗಿಸಿಕೊಂಡ ವಕೀಲರಿದ್ದರೆ ಹೊಸಬನ ಹೆಸರು ಮತಪತ್ರಕ್ಕೆ ಏರುವ ಮೊದಲೇ ಅಳಿಸಿಹೋಗುತ್ತದೆ. ಬರಾಕ್ ಒಬಾಮ 1996ರಲ್ಲಿ ಇಲಿನಾಯ್ ರಾಜ್ಯದ ಸೆನೆಟ್‌ಗೆ ಮೊದಲ ಬಾರಿ ನಿಂತಾಗ ಒಳಚುನಾವಣೆಯ ಎದುರಾಳಿಗಳನ್ನು ಕಣದಿಂದ ಹೊರಗಿಟ್ಟದ್ದೂ ಇದೇ ದಾರಿಯಿಂದ. ಅಲ್ಲಿ ಇದು ಅಡ್ಡದಾರಿಯಲ್ಲ, ಹೆದ್ದಾರಿ.

ಎರಡನೆಯದು ನಕ್ಷೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ವಾರ್ಡುಗಳ ಗಡಿ ಬದಲಾಗುತ್ತದೆ. ಗಡಿ ಎಳೆಯುವವರು ಪಾಲಿಕೆಯ ಸದಸ್ಯರೇ. ಮತದಾರರು ಪ್ರತಿನಿಧಿಯನ್ನು ಆರಿಸುವ ಮೊದಲು ಪ್ರತಿನಿಧಿ ತನ್ನ ಮತದಾರರನ್ನು ಆರಿಸಿಕೊಂಡಿರುತ್ತಾನೆ. ಹಿರಿಯ ಸದಸ್ಯನಿಗೆ ಒಲ್ಲದ ಗಡಿ ಎಳೆಯುವ ಧೈರ್ಯ ಯಾರಿಗೂ ಸುಲಭವಾಗಿ ಬರುವುದಿಲ್ಲ.

ಮೂರನೆಯದು ಹಣ ಮತ್ತು ಹಂಗು. ಹಣಕಾಸು ಸಮಿತಿಯ ಕೈಯಲ್ಲಿ ನೌಕರರ ಅಪಘಾತ ಪರಿಹಾರ ಯೋಜನೆ ಇತ್ತು. ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ವೆಚ್ಚದ ಈ ಯೋಜನೆಯನ್ನು ಬೇರೆ ಊರುಗಳಲ್ಲಿ ಆಡಳಿತ ನೋಡಿಕೊಳ್ಳುತ್ತದೆ, ಇಲ್ಲಿ ಬರ್ಕ್ ಸಮಿತಿ ನೋಡಿಕೊಳ್ಳುತ್ತಿತ್ತು. ಜತೆಗೆ ಕುಕ್ ಕೌಂಟಿಯಲ್ಲಿ ನ್ಯಾಯಾಧೀಶರೂ ಚುನಾವಣೆಯಲ್ಲಿ ಗೆದ್ದು ಬರಬೇಕು. ಯಾವ ವಕೀಲರಿಗೆ ಪಕ್ಷದ ಬೆಂಬಲ ಎಂದು ನಿರ್ಧರಿಸುವ ಸಮಿತಿಗೂ ಬರ್ಕ್ ಅವರೇ ಅಧ್ಯಕ್ಷರು. ಅವರ ಪತ್ನಿ ಆ್ಯನ್ ಬರ್ಕ್ 2006ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದು, ಮುಂದೆ ಮುಖ್ಯ ನ್ಯಾಯಮೂರ್ತಿಯೂ ಆದರು. ಇಷ್ಟೆಲ್ಲ ಕಡೆ ಕೈಯಿರುವ ಮನುಷ್ಯನ ಎದುರು ನಿಂತು ಸೋತವನು ನಾಳೆ ಆ ಊರಲ್ಲಿ ಬದುಕಬೇಕಲ್ಲ?

ನಾಲ್ಕನೆಯದು ಮತದಾರರು ಬದಲಾದದ್ದು. ಐರಿಷ್, ಪೋಲಿಷ್ ಕುಟುಂಬಗಳು ಉಪನಗರಗಳಿಗೆ ಹೋದವು. ಗೇಜ್ ಪಾರ್ಕ್, ಬ್ರೈಟನ್ ಪಾರ್ಕ್, ಆರ್ಚರ್ ಹೈಟ್ಸ್‌ನಂಥ ಬಡಾವಣೆಗಳಿಗೆ ಮೆಕ್ಸಿಕೊ ಮೂಲದವರು ಬಂದು ನೆಲೆಸಿದರು. 2010ರ ಹೊತ್ತಿಗೆ ವಾರ್ಡಿನಲ್ಲಿ ಲ್ಯಾಟಿನೊ ಜನರದ್ದೇ ಭಾರಿ ಬಹುಮತ. ಆದರೆ ಅವರಲ್ಲಿ ಎಷ್ಟೋ ಜನ ಇನ್ನೂ ಪೌರತ್ವವಿಲ್ಲದ ವಲಸಿಗರು, ಎಷ್ಟೋ ಜನ ಮತದಾನದ ವಯಸ್ಸು ತುಂಬದ ಮಕ್ಕಳು. ಜನ ಹೊಸಬರಾದರೂ ಮತಗಟ್ಟೆಗೆ ಬರುವವರಲ್ಲಿ ಹಳಬರ ಪಾಲು ದೊಡ್ಡದು. ಕೆಲವೇ ಸಾವಿರ ಮತಗಳಲ್ಲಿ ಐವತ್ತೈದು ಸಾವಿರ ಜನರ ಪ್ರತಿನಿಧಿಯಾಗಬಹುದಿತ್ತು.

ಹಸುವಿಗೆ ಕ್ಷಮೆ, ಕಕ್ಷಿದಾರರಿಗೆ ಸೇವೆ

ಬರ್ಕ್ ಕೆಲಸವೇ ಮಾಡದ ಸದಸ್ಯರಾಗಿರಲಿಲ್ಲ. ಅಚ್ಚುಕಟ್ಟಾದ ಪಟ್ಟೆ ಸೂಟು, ಜೇಬಲ್ಲಿ ರೇಷ್ಮೆ ಕರವಸ್ತ್ರ, ನಾಲಿಗೆಯ ತುದಿಯಲ್ಲಿ ಊರಿನ ಇತಿಹಾಸ. ಹೋಟೆಲು, ಕಚೇರಿಗಳಲ್ಲಿ ಧೂಮಪಾನ ನಿಷೇಧಕ್ಕೆ ವರ್ಷಗಟ್ಟಲೆ ದುಡಿದವರು ಅವರೇ. 1871ರ ಮಹಾ ಅಗ್ನಿ ಅನಾಹುತಕ್ಕೆ ಕ್ಯಾಥರಿನ್ ಓಲಿಯರಿ ಎಂಬ ಐರಿಷ್ ಬಡ ಹೆಂಗಸಿನ ಹಸು ಲಾಟೀನು ಒದ್ದದ್ದೇ ಕಾರಣ ಎಂಬ ಹಳೆಯ ಕಥೆಯೊಂದಿದೆ. ಅದನ್ನು ಅಲ್ಲಗಳೆದು, ಆ ಹೆಂಗಸನ್ನೂ ಹಸುವನ್ನೂ ದೋಷಮುಕ್ತಗೊಳಿಸುವ ನಿರ್ಣಯವನ್ನು 1997ರಲ್ಲಿ ಪಾಲಿಕೆಯ ಮುಂದಿಟ್ಟವರೂ ಅವರೇ. ಸತ್ತು ನೂರು ವರ್ಷವಾದ ಹಸುವಿಗೆ ನ್ಯಾಯ ಸಿಕ್ಕಿತು.

ಪಾಲಿಕೆಯ ಕೆಲಸದ ಪಕ್ಕದಲ್ಲೇ ಅವರ ವಕೀಲಿಕೆಯೂ ನಡೆಯುತ್ತಿತ್ತು. ಕುಕ್ ಕೌಂಟಿಯಲ್ಲಿ ಕಟ್ಟಡಗಳ ಮೌಲ್ಯ ನಿಗದಿಯನ್ನು ಪ್ರಶ್ನಿಸಿ ಆಸ್ತಿ ತೆರಿಗೆ ಇಳಿಸಿಕೊಡುವುದು ಕಾಸು ತರುವ ಕಸುಬು. ಬರ್ಕ್ ಅವರ ಕಚೇರಿಯ ಕಸುಬು ಅದೇ. ಊರಿನ ಟ್ರಂಪ್ ಟವರ್ ಕೂಡ ಒಂದು ಕಾಲಕ್ಕೆ ಅವರ ಕಕ್ಷಿದಾರ. ದೊಡ್ಡ ಕಟ್ಟಡಕ್ಕೆ ಪಾಲಿಕೆಯ ಅನುಮತಿಯೂ ಬೇಕು, ತೆರಿಗೆ ಇಳಿಕೆಯೂ ಬೇಕು. ಅನುಮತಿ ಕೊಡುವ ಸಭೆಯಲ್ಲಿ ಪ್ರಭಾವವಿರುವವರೇ ತೆರಿಗೆ ಇಳಿಸುವ ವಕೀಲರೂ ಆಗಿದ್ದರೆ ಉದ್ಯಮಿ ಯಾರ ಬಾಗಿಲು ತಟ್ಟುತ್ತಾನೆ? ತನಗೆ ಸಂಬಂಧವಿರುವ ವಿಷಯ ಬಂದಾಗ ಮತ ಹಾಕದೆ ದೂರ ಉಳಿಯಬೇಕೆನ್ನುತ್ತದೆ ಪಾಲಿಕೆಯ ಒಂದು ನಿಯಮ. ಬರ್ಕ್ ಅದನ್ನು ಮತ್ತೆ ಮತ್ತೆ ಬಳಸಿ ಕಾನೂನಿನ ಅಕ್ಷರ ಕಾಪಾಡಿದರು.

ಇದಕ್ಕೆ ಬರೆಯದ ಇನ್ನೊಂದು ನಿಯಮವೂ ಜತೆಗೂಡಿತು. ವಾರ್ಡಿನೊಳಗಿನ ನಿವೇಶನ ಬಳಕೆ, ನಾಮಫಲಕ, ವಾಹನ ಒಳಬರುವ ದಾರಿ, ಇಂಥವಕ್ಕೆಲ್ಲ ಆ ವಾರ್ಡಿನ ಸದಸ್ಯ ಹೂಂ ಎನ್ನದೆ ಪಾಲಿಕೆ ಅನುಮತಿ ಕೊಡುವುದಿಲ್ಲ. ಒಬ್ಬರ ವಾರ್ಡಿನಲ್ಲಿ ಇನ್ನೊಬ್ಬರು ತಲೆಹಾಕುವುದಿಲ್ಲ. 1970ರ ದಶಕದಿಂದ ಈಚೆಗೆ ಷಿಕಾಗೊದ ಮೂವತ್ತಕ್ಕೂ ಹೆಚ್ಚು ಪಾಲಿಕೆ ಸದಸ್ಯರು ಅಪರಾಧಿಗಳೆಂದು ಸಾಬೀತಾಗಿದ್ದಾರೆ. ಅವರಲ್ಲಿ ಹಲವರು ಜಾರಿದ್ದು ಈ ಹೂಂಕಾರಕ್ಕೆ ಬೆಲೆ ಕಟ್ಟಲು ಹೋಗಿ.

ಕಂದು ಕಾಗದ

ಮೊದಲ ಬಿರುಕು ಕಂಡದ್ದು ಮತಗಟ್ಟೆಯಲ್ಲಿ. 2018ರ ಮಾರ್ಚ್‌ನ ಒಳಚುನಾವಣೆಯಲ್ಲಿ ಬರ್ಕ್ ಅವರ ತಮ್ಮ, 1991ರಿಂದ ರಾಜ್ಯ ಶಾಸಕರಾಗಿದ್ದ ಡ್ಯಾನ್ ಬರ್ಕ್, ಏರನ್ ಒರ್ಟೀಜ್ ಎಂಬ ಯುವಕನ ಎದುರು ಸೋತರು. ಒರ್ಟೀಜ್ ಬೆನ್ನಿಗಿದ್ದವರು ಅದೇ ಚುಯ್ ಗಾರ್ಸಿಯಾ. ಹೊಸ ತಲೆಮಾರು ಮತದಾನದ ವಯಸ್ಸಿಗೆ ಬಂದಿತ್ತು.

ನವೆಂಬರ್ 29ರಂದು ಎಫ್‌ಬಿಐ ಅಧಿಕಾರಿಗಳು ಬರ್ಕ್ ಅವರ ಪಾಲಿಕೆ ಕಚೇರಿಗೂ ವಾರ್ಡ್ ಕಚೇರಿಗೂ ನುಗ್ಗಿ, ಗಾಜಿನ ಬಾಗಿಲುಗಳಿಗೆ ಒಳಗಿನಿಂದ ಕಂದು ಕಾಗದ ಅಂಟಿಸಿ, ಶೋಧ ನಡೆಸಿದರು. 2019ರ ಜನವರಿ 3ರಂದು ದೂರು ಬಹಿರಂಗವಾಯಿತು. ವಾರ್ಡಿನ ಬರ್ಗರ್ ಕಿಂಗ್ ಅಂಗಡಿಯೊಂದರ ನವೀಕರಣಕ್ಕೆ ಅಡ್ಡಗಾಲು ಹಾಕಿ, ಅದರ ಮಾಲೀಕ ಕಂಪನಿಯ ತೆರಿಗೆ ವಕಾಲತ್ತನ್ನು ತಮ್ಮ ಕಚೇರಿಗೆ ಕೊಡುವಂತೆ ಒತ್ತಡ ತಂದರೆಂಬುದು ಆರೋಪ. ಗಾರ್ಸಿಯಾ ವಾಷಿಂಗ್ಟನ್‌ನಲ್ಲಿ ಸಂಸತ್ ಸದಸ್ಯರಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಅದೇ ದಿನ. ಮರುದಿನ ಬರ್ಕ್ ಹಣಕಾಸು ಸಮಿತಿ ಬಿಟ್ಟರು.

ಏಳು ವಾರಗಳಲ್ಲಿ ಚುನಾವಣೆ. ಗಾರ್ಸಿಯಾ ಬಣದ ಟಾನ್ಯಾ ಪಟಿನ್ಯೊ ಮತ್ತು ಹೈಮೆ ಗುಸ್ಮಾನ್ ಎದುರಾಳಿಗಳು. ತಲೆಯ ಮೇಲೆ ಕೇಸು ತೂಗುತ್ತಿದ್ದ, ಎಪ್ಪತ್ತೈದು ದಾಟಿದ ಬರ್ಕ್ ಏನಾದರು? ಗೆದ್ದರು. ಸುಮಾರು ಶೇಕಡಾ 54 ಮತ ಪಡೆದು, ಎರಡನೇ ಸುತ್ತಿನ ಅಗತ್ಯವೂ ಇಲ್ಲದಂತೆ ಗೆದ್ದರು. ಐದು ದಶಕ ಕಟ್ಟಿದ ಸಂಘಟನೆಯ ಬಲ ಅಷ್ಟಿತ್ತು. ಎರಡು ಪಾಲಾಗಿದ್ದ ವಿರೋಧಿ ಮತಗಳನ್ನು ಕೂಡಿಸಿದರೂ ಸಾಲುತ್ತಿರಲಿಲ್ಲ.

ಅವರ ಹಗರಣ ಉರುಳಿಸಿದ್ದು ಬೇರೆಯವರನ್ನು. ಮೇಯರ್ ಸ್ಥಾನದ ಪ್ರಮುಖ ಅಭ್ಯರ್ಥಿಗಳಲ್ಲಿ ಹಲವರಿಗೆ ಬರ್ಕ್ ನಂಟಿತ್ತು. ಆ ನಂಟಿಲ್ಲದ ಲೋರಿ ಲೈಟ್‌ಫುಟ್ ಏಪ್ರಿಲ್‌ನ ಎರಡನೇ ಸುತ್ತಿನಲ್ಲಿ ಐವತ್ತೂ ವಾರ್ಡುಗಳಲ್ಲಿ ಮುನ್ನಡೆದು ಮೇಯರ್ ಆದರು. ಅನುಮತಿಗಳ ಮೇಲೆ ವಾರ್ಡ್ ಸದಸ್ಯರಿಗಿದ್ದ ಹಿಡಿತ ಸಡಿಲಿಸುವುದೇ ಅವರ ಮೊದಲ ಆದೇಶವಾಯಿತು.

ಬರ್ಕ್ ಕೊನೆಗೂ ಸೋತದ್ದು 2020ರ ಮಾರ್ಚ್‌ನಲ್ಲಿ, ಪಕ್ಷದ ಆ ಹಳೆಯ ಕಮಿಟಿಮನ್ ಹುದ್ದೆಗೆ. ಸೋಲಿಸಿದವರು ತಮ್ಮನನ್ನು ಸೋಲಿಸಿದ ಅದೇ ಏರನ್ ಒರ್ಟೀಜ್. ಪಾಲಿಕೆಯ ಕುರ್ಚಿಗೆ ಮೂಲವಾಗಿದ್ದ ಹುದ್ದೆ 52 ವರ್ಷದ ಬಳಿಕ ಕೈತಪ್ಪಿತು. 2022ರ ನವೆಂಬರ್‌ನಲ್ಲಿ ಮುಂದಿನ ಪಾಲಿಕೆ ಚುನಾವಣೆಗೆ ನಾಮಪತ್ರ ಸಲ್ಲಿಸುವ ಗಡುವು ಮುಗಿದಾಗ ಅವರ ಹೆಸರಿನಲ್ಲಿ ಕಾಗದ ಬಂದಿರಲಿಲ್ಲ. 2023ರಲ್ಲಿ ಆ ವಾರ್ಡಿಗೆ ಬಂದವರು ಹೇಲೂ ಗುಟಿಯೆರೆಸ್.

ಹದಿಮೂರಕ್ಕೆ ತಪ್ಪಿತಸ್ಥ

ವಿಚಾರಣೆ 2023ರ ನವೆಂಬರ್‌ನಲ್ಲಿ ಶುರುವಾಯಿತು. ಸಹ ಸದಸ್ಯರಾಗಿದ್ದ ಡ್ಯಾನಿ ಸೋಲಿಸ್ ತಾವೇ ಸಿಕ್ಕಿಬಿದ್ದ ಮೇಲೆ ತನಿಖಾಧಿಕಾರಿಗಳಿಗಾಗಿ ಗುಟ್ಟಾಗಿ ಧ್ವನಿ ಮುದ್ರಿಸಿಕೊಂಡಿದ್ದರು. ಊರಿನ ಹಳೆಯ ಮುಖ್ಯ ಅಂಚೆ ಕಟ್ಟಡವನ್ನು ನವೀಕರಿಸುತ್ತಿದ್ದ ಕಂಪನಿಯ ತೆರಿಗೆ ವಕಾಲತ್ತು ಸಿಕ್ಕಿತೇ ಎಂದು ಕೇಳಲು ಬರ್ಕ್ ಬಳಸಿದ್ದು ಮೀನುಗಾರರ ಭಾಷೆ: ‘ಟ್ಯೂನಾ ಬಲೆಗೆ ಬಿತ್ತೇ?’ ಆ ಧ್ವನಿಯನ್ನು ತೀರ್ಪುಗಾರರು ಕೇಳಿದರು. ಸ್ನೇಹಿತನ ಮಗಳಿಗೆ ಇಂಟರ್ನ್‌ಶಿಪ್ ಕೊಡಲಿಲ್ಲವೆಂದು ಫೀಲ್ಡ್ ಮ್ಯೂಸಿಯಂನ ಪ್ರವೇಶ ಶುಲ್ಕ ಏರಿಕೆಗೆ ಅಡ್ಡಿ ಮಾಡುವ ಬೆದರಿಕೆ ಹಾಕಿದ ಸಂಗತಿಯೂ ಬಂತು. ಡಿಸೆಂಬರ್ 21ರಂದು ಹದಿನಾಲ್ಕು ಆರೋಪಗಳಲ್ಲಿ ಹದಿಮೂರು ಸಾಬೀತಾದವು: ಸಂಘಟಿತ ಅಕ್ರಮ, ಲಂಚ, ಸುಲಿಗೆಯ ಯತ್ನ.

ಪ್ರಾಸಿಕ್ಯೂಷನ್ ಕೇಳಿದ್ದು ಹತ್ತು ವರ್ಷ. ಬರ್ಕ್ ಎಷ್ಟು ಒಳ್ಳೆಯವರೆಂದು ಹೇಳುವ ಇನ್ನೂರಕ್ಕೂ ಹೆಚ್ಚು ಪತ್ರಗಳು ನ್ಯಾಯಾಧೀಶರಿಗೆ ಬಂದವು. 2024ರ ಜೂನ್ 24ರಂದು ಸಿಕ್ಕ ಶಿಕ್ಷೆ ಎರಡು ವರ್ಷ ಜೈಲು, 20 ಲಕ್ಷ ಡಾಲರ್ ದಂಡ. ಎಂಬತ್ತರ ಬರ್ಕ್ ಸೆಪ್ಟೆಂಬರ್‌ನಲ್ಲಿ ಜೈಲು ಸೇರಿ, 2025ರ ಜುಲೈನಲ್ಲಿ ಹೊರಬಂದರು. ಅವರಂತೆಯೇ ಆಸ್ತಿ ತೆರಿಗೆ ವಕೀಲಿಕೆಯನ್ನೂ ಅಧಿಕಾರವನ್ನೂ ಜತೆಜತೆಗೆ ನಡೆಸಿದ ಇಲಿನಾಯ್ ವಿಧಾನಸಭೆಯ ಮಾಜಿ ಸ್ಪೀಕರ್ ಮೈಕೆಲ್ ಮ್ಯಾಡಿಗನ್‌ಗೆ ಅಷ್ಟರಲ್ಲಿ ಏಳೂವರೆ ವರ್ಷದ ಶಿಕ್ಷೆ ಪ್ರಕಟವಾಗಿತ್ತು.

ಲೆಕ್ಕ ಎಲ್ಲಿ ತಪ್ಪಿತು

ಬರ್ಕ್ ಕೆಟ್ಟವರು, ಜನ ದಡ್ಡರು ಎಂದು ಮುಗಿಸಿದರೆ ಈ ಕಥೆಯಿಂದ ಕಲಿಯುವುದು ಏನೂ ಇಲ್ಲ. ಕಸ ಎತ್ತಿಸಿದ, ಕೆಲಸ ಕೊಡಿಸಿದ, ಸಾವು ಮದುವೆಗೆ ಬಂದು ನಿಂತ ಸದಸ್ಯನಿಗೆ ಜನ ಮತ ಕೊಡುವುದು ಸಹಜ. ದೋಷ ಇರುವುದು ನಾವು ಗೆಲುವನ್ನು ಎಣಿಸುವ ರೀತಿಯಲ್ಲಿ. ಎಷ್ಟು ಬಾರಿ ಗೆದ್ದ ಎನ್ನುವುದು ಸುದ್ದಿಯಾಗುತ್ತದೆ. ಎಷ್ಟು ಬಾರಿ ಯಾರಾದರೂ ಎದುರು ನಿಲ್ಲಲು ಸಾಧ್ಯವಾಯಿತು ಎನ್ನುವುದು ಆಗುವುದಿಲ್ಲ. ಮೂರೂವರೆ ದಶಕ ಯಾರೂ ಎದುರಿಲ್ಲದ ಚುನಾವಣೆಯಲ್ಲಿ ಮತದಾರ ತನ್ನ ಒಪ್ಪಿಗೆಯನ್ನೂ ಹೇಳಿಲ್ಲ, ನಿರಾಕರಣೆಯನ್ನೂ ಹೇಳಿಲ್ಲ. ಅವನನ್ನು ಕೇಳಿಯೇ ಇಲ್ಲ. ಬರ್ಕ್ ವಾರ್ಡನ್ನು ಸುಧಾರಿಸಬಹುದಾಗಿದ್ದ ಸ್ಪರ್ಧೆ ಮೂವತ್ತು ವರ್ಷ ಮೊದಲೇ ಬಂದಿದ್ದರೆ ಎಫ್‌ಬಿಐಗೆ ಕಂದು ಕಾಗದ ತರುವ ಕೆಲಸ ಬೀಳುತ್ತಿರಲಿಲ್ಲವೇನೋ.

ನಮ್ಮ ಪಂಚಾಯಿತಿ, ಸಹಕಾರ ಸಂಘಗಳ ಚುನಾವಣೆಗಳಲ್ಲೂ ‘ಅವಿರೋಧ ಆಯ್ಕೆ’ ಎಂಬ ಸುದ್ದಿಯನ್ನು ಹಾರ ತುರಾಯಿಗಳ ಫೋಟೊ ಸಮೇತ ಓದುತ್ತೇವೆ, ಊರಿನ ಒಗ್ಗಟ್ಟು ಎಂದು ಹೊಗಳುತ್ತೇವೆ. ಮುಂದಿನ ಬಾರಿ ಅಂಥ ಸುದ್ದಿ ಕಂಡಾಗ ಗೆದ್ದವರಿಗೆ ಅಭಿನಂದನೆ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ: ನಾಮಪತ್ರ ಹಾಕಬೇಕೆಂದಿದ್ದವರು ಯಾರು, ಅವರು ಯಾಕೆ ಹಾಕಲಿಲ್ಲ?